ಕಡಿದವರು, ಕಡಿಸಿದವರು, ಕಂಡು ಮೆಚ್ಚಿದವರು

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಅದರ ಕೊನೆಯ ದಶಕದವರೆಗೆ ಉತ್ತರ ಅಮೆರಿಕದ ಸಚಿತ್ರ ವಾರಪತ್ರಿಕೆಗಳು ತಮ್ಮ ಓದುಗರ ಮುಂದೆ ಮತ್ತೆ ಮತ್ತೆ ಇಟ್ಟ ದೃಶ್ಯಗಳಲ್ಲಿ ಚಳಿಗಾಲದ ಮರಗಡಿತವೂ ಒಂದು. ಹಿಮ ಹೊದ್ದ ಪೈನ್ ಕಾಡು, ಹಿಮದಲ್ಲಿ ಕಾಲೂರಿ ಕೊಡಲಿ ಎತ್ತಿದ ಆಳು, ದಿಮ್ಮಿ ಹೇರಿದ ಜಾರುಬಂಡಿಯನ್ನು ಎಳೆಯುವ ಎತ್ತು ಅಥವಾ ಕುದುರೆ, ರಾತ್ರಿಯ ಬಿಡಾರದಲ್ಲಿ ಬೆಂಕಿಯ ಸುತ್ತ ಕುಳಿತ ಗಡ್ಡದ ಮುಖಗಳು, ವಸಂತದಲ್ಲಿ ಉಕ್ಕಿದ ಹೊಳೆಯ ಮೇಲೆ ತೇಲುವ ದಿಮ್ಮಿಗಳ ರಾಶಿ: ಈ ಕೆಲವೇ ಸನ್ನಿವೇಶಗಳು ಬೋಸ್ಟನ್, ನ್ಯೂಯಾರ್ಕ್, ಮಾಂಟ್ರಿಯಲ್ ನಗರಗಳ ಪತ್ರಿಕೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ದಶಕಗಟ್ಟಲೆ ಬಂದವು. ಇವನ್ನು ಕಲೆಯ ಇತಿಹಾಸದ ಸಾಮಗ್ರಿಯಾಗಿ ಅಥವಾ ದುಡಿಮೆಯ ಇತಿಹಾಸದ ದಾಖಲೆಯಾಗಿ ಓದುವ ರೂಢಿಯಿದೆ. ಆದರೆ ಇವು ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆಯೊಂದನ್ನೂ ಎತ್ತುತ್ತವೆ. ಜೀವವಿದ್ದ ಮರವೊಂದು ನೆಲಕ್ಕುರುಳಿದಾಗ ಅದರ ಹೊಣೆ ಕೊಡಲಿ ಬೀಸಿದವನದೇ, ಬೀಸಲು ಹೇಳಿದವನದೇ, ಅಥವಾ ನೂರಾರು ಮೈಲಿ ದೂರದ ಬೆಚ್ಚನೆಯ ಕೋಣೆಯಲ್ಲಿ ಆ ಚಿತ್ರವನ್ನು ಕಂಡು ಮೆಚ್ಚಿದವನಿಗೂ ಅದರಲ್ಲಿ ಪಾಲಿದೆಯೇ ಎಂಬುದು ಆ ಪ್ರಶ್ನೆ.

ಹೊಣೆಯನ್ನು ಹೀಗೆ ಮೂರು ಕವಲಾಗಿ ಒಡೆದು ನೋಡುವ ಕ್ರಮ ಜೈನ ಶಾಸ್ತ್ರದ್ದು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ತನ್ನ ಆರನೆಯ ಅಧ್ಯಾಯದಲ್ಲಿ ಆಸ್ರವವನ್ನು, ಎಂದರೆ ಕರ್ಮವು ಜೀವದೊಳಕ್ಕೆ ಹರಿದುಬರುವ ಬಗೆಯನ್ನು, ವಿವೇಚಿಸುತ್ತದೆ. ಅಲ್ಲಿ ಒಂದು ಕೃತ್ಯವನ್ನು ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮತ್ತೊಬ್ಬರು ಮಾಡಿದ್ದಕ್ಕೆ ಮನಸ್ಸು ಒಪ್ಪುವುದು ಅನುಮತ. ಇದೇ ಸೂತ್ರ ಕೃತ್ಯವನ್ನು ಕಾಲದ ದೃಷ್ಟಿಯಿಂದಲೂ ಮೂರಾಗಿ ಒಡೆಯುತ್ತದೆ: ಸಂಕಲ್ಪ ಹುಟ್ಟುವ ಸಂರಂಭ, ಸಾಧನಗಳನ್ನು ಕೂಡಿಸಿಕೊಳ್ಳುವ ಸಮಾರಂಭ, ಕೃತ್ಯಕ್ಕೆ ತೊಡಗಿಯೇಬಿಡುವ ಆರಂಭ. ಮನಸ್ಸು, ಮಾತು, ಕಾಯ ಎಂಬ ಮೂರು ಯೋಗಗಳಿಂದಲೂ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದಲೂ ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಕರ್ನಾಟಕದ ಗಂಗರ ಕಾಲದೊಂದಿಗೆ ಪರಂಪರೆ ಹೊಂದಿಸುವ ಪೂಜ್ಯಪಾದಾಚಾರ್ಯ ತನ್ನ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಈ ಲೆಕ್ಕವನ್ನು ಬಿಡಿಸಿ ವಿವರಿಸಿದ್ದಾನೆ. ದೂರದ ನಾಡಿನ ಚಿತ್ರಗಳಿಗೆ ಈ ಅಳತೆಯನ್ನು ಹಿಡಿಯಲು ಕಾರಣವಿದೆ. ಪರರ ಪಾಪದಲ್ಲಿ ಸಹಭಾಗಿಯಾಗುವುದರ ಚರ್ಚೆ ಕ್ರೈಸ್ತ ನೀತಿಶಾಸ್ತ್ರದಲ್ಲೂ ಆಳವಾಗಿ ನಡೆದಿದೆ. ಆದರೆ ಅಲ್ಲಿ ಮರವನ್ನು ಅನ್ಯಾಯಕ್ಕೆ ಒಳಗಾಗಬಲ್ಲ ಜೀವವೆಂದು ಎಣಿಸಿದವರು ಅಪರೂಪ. ಜೈನ ದರ್ಶನದಲ್ಲಾದರೋ ಮರ ಸ್ಪರ್ಶವೊಂದನ್ನೇ ಇಂದ್ರಿಯವಾಗಿ ಉಳ್ಳ ಏಕೇಂದ್ರಿಯ ಜೀವ, ವನಸ್ಪತಿಕಾಯ; ಅದಕ್ಕೆ ನೋವಿದೆ ಎಂಬ ಒಪ್ಪಿಗೆಯಿಂದಲೇ ಅಲ್ಲಿನ ಲೆಕ್ಕ ಶುರುವಾಗುತ್ತದೆ.

ಚಿತ್ರಗಳು ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು, ಏಕೆಂದರೆ ಹೊಣೆಯನ್ನು ಹಂಚಿಬಿಡುವ ಕ್ರಮ ಅವುಗಳ ತಯಾರಿಕೆಯಲ್ಲೇ ಸೇರಿಕೊಂಡಿದೆ. ಹಳೆಯ ಮರದಚ್ಚಿನಲ್ಲಿ ಹಲಗೆಯನ್ನು ಮರದ ಉದ್ದಕ್ಕೆ ಕೊಯ್ದು, ಅದರ ಮೇಲೆ ಚಾಕುವಿನಿಂದ ಕೆತ್ತುತ್ತಿದ್ದರು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಥಾಮಸ್ ಬ್ಯೂಯಿಕ್ ಎಂಬ ಕುಶಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬೇರೊಂದು ವಿಧಾನವನ್ನು ಹದಕ್ಕೆ ತಂದ. ಮರವನ್ನು ಅಡ್ಡಕ್ಕೆ ಕೊಯ್ದು, ಉಂಗುರಗಳು ಕಾಣುವ ಆ ಗಟ್ಟಿ ಮೈಯನ್ನು ನುಣುಪಾಗಿಸಿ, ಲೋಹದ ಮೇಲೆ ಕೆತ್ತುವವರು ಬಳಸುವ ಬ್ಯೂರಿನ್ ಎಂಬ ಚೂಪು ಚಾಣದಿಂದ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ತೋಡುವುದು ಆ ವಿಧಾನ. 1790ರಲ್ಲಿ ಪ್ರಕಟವಾದ ಅವನ ಚತುಷ್ಪಾದಿಗಳ ಗ್ರಂಥ ಇದಕ್ಕೆ ಹೆಸರು ತಂದಿತು. ಈ ಕೆಲಸಕ್ಕೆ ಒದಗುತ್ತಿದ್ದುದು ಬಾಕ್ಸ್ ಎಂಬ, ಬಹಳ ನಿಧಾನವಾಗಿ ಬೆಳೆಯುವ, ಒತ್ತಾದ ಎಳೆಯ ಮರ. ಅದು ಹೆಚ್ಚಾಗಿ ಕಪ್ಪುಸಮುದ್ರದ ಸುತ್ತಲಿನ ನಾಡುಗಳಿಂದ ಬರುತ್ತಿತ್ತು, ಮತ್ತು ಅದರ ಕಾಂಡ ಎಂದೂ ದಪ್ಪವಾಗುವುದಿಲ್ಲ. ಆದ್ದರಿಂದ ಪತ್ರಿಕೆಯ ಇಡೀ ಪುಟದ ಚಿತ್ರಕ್ಕೆ ಹಲವು ಸಣ್ಣ ತುಂಡುಗಳನ್ನು ಜೋಡಿಸಿ, ಹಿಂಬದಿಯಿಂದ ತಿರುಪು ಬಿಗಿದು ಒಂದು ಅಚ್ಚಾಗಿಸುತ್ತಿದ್ದರು. ಚಿತ್ರಕಾರ ಆ ಮೈಯ ಮೇಲೆ ರೇಖೆ ಎಳೆದುಕೊಟ್ಟ ಮೇಲೆ ತಿರುಪು ಸಡಿಲಿಸಿ, ತುಂಡುಗಳನ್ನು ಬೇರೆ ಬೇರೆ ಕೆತ್ತನೆಗಾರರಿಗೆ ಹಂಚುತ್ತಿದ್ದರು. ಒಬ್ಬನ ಪಾಲಿಗೆ ಆಕಾಶ, ಇನ್ನೊಬ್ಬನ ಪಾಲಿಗೆ ಕುದುರೆಯ ಬೆನ್ನು, ಮತ್ತೊಬ್ಬನ ಪಾಲಿಗೆ ಕೊಡಲಿ ಹಿಡಿದ ಕೈಯ ಅರ್ಧ ಬರುತ್ತಿತ್ತು. ಕೊನೆಗೆ ಮುಖ್ಯ ಕೆತ್ತನೆಗಾರ ತುಂಡುಗಳನ್ನು ಮತ್ತೆ ಕೂಡಿಸಿ, ಬೆಸುಗೆಯ ಜಾಗದಲ್ಲಿ ಗೆರೆಗೆ ಗೆರೆ ಹೊಂದಿಸುತ್ತಿದ್ದ. 1855ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಹೆಸರಿನ ಸಚಿತ್ರ ಪತ್ರಿಕೆಯನ್ನು ಆರಂಭಿಸಿದ ಫ್ರಾಂಕ್ ಲೆಸ್ಲಿ ಈ ಹಂಚಿಕೆಯನ್ನು ಬಲು ವೇಗಕ್ಕೆ ಒಗ್ಗಿಸಿದ. 1857ರಲ್ಲಿ ಹುಟ್ಟಿದ ಹಾರ್ಪರ್ಸ್ ವೀಕ್ಲಿಯೂ ಅದೇ ದಾರಿ ಹಿಡಿಯಿತು.

ಈ ಮಾಧ್ಯಮದಲ್ಲಿ ಹಿಮದ ಚಿತ್ರಣಕ್ಕೆ ಒಂದು ವಿಶೇಷ ಅರ್ಥವಿದೆ. ಮರದಲ್ಲಿ ಕೆತ್ತದೆ ಬಿಟ್ಟ ಭಾಗ ಮಸಿ ಹಿಡಿದು ಕಪ್ಪಾಗಿ ಮೂಡುತ್ತದೆ. ತೋಡಿ ತೆಗೆದ ಭಾಗ ಕಾಗದದ ಬಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಚಿತ್ರದಲ್ಲಿನ ಹಿಮ ಎಂದರೆ ಅಚ್ಚಿನ ಮರದಿಂದ ಕೆತ್ತಿ ಹಾಕಿದ್ದು, ಚಿತ್ರದಲ್ಲಿನ ಮರ ಎಂದರೆ ಅಚ್ಚಿನಲ್ಲಿ ಉಳಿದುಕೊಂಡ ಮರ. ಕಾಡಿನಲ್ಲಿ ಕೊಡಲಿ ಮಾಡಿದ ಕೆಲಸವನ್ನು ನಗರದ ಕೆತ್ತುಮೇಜಿನ ಮೇಲೆ ಚಾಣ ಸಣ್ಣ ಪ್ರಮಾಣದಲ್ಲಿ ಮತ್ತೆ ಮಾಡುತ್ತಿತ್ತು. ಇದು ಬರಿಯ ಶಬ್ದಚಮತ್ಕಾರವಾಗಿ ಕಾಣಬಾರದು. 1880ರ ದಶಕದ ಹೊತ್ತಿಗೆ ಒಳ್ಳೆಯ ಬಾಕ್ಸ್ ಮರ ಸಿಗುವುದೇ ಕಷ್ಟವಾಗಿ, ಮುದ್ರಣೋದ್ಯಮ ಬದಲಿ ಮರಗಳನ್ನು ಹುಡುಕತೊಡಗಿತ್ತು; ಅದೇ ಕಾಲದಲ್ಲಿ ಪತ್ರಿಕೆಗಳ ಕಾಗದವೂ ಹಳೆಯ ಚಿಂದಿಬಟ್ಟೆಯ ತಿರುಳನ್ನು ಬಿಟ್ಟು ಮರದ ತಿರುಳಿಗೆ ತಿರುಗುತ್ತಿತ್ತು. ಕಾಡಿನ ಕಡಿತವನ್ನು ತೋರಿಸಿದ ಪುಟವೇ ಕಾಡಿನ ಕಡಿತದಿಂದ ಬಂದ ವಸ್ತುವಾಗತೊಡಗಿತು.

ಚಿತ್ರಗಳು ಚಳಿಗಾಲವನ್ನೇ ಆರಿಸಿಕೊಂಡದ್ದು ಸೊಗಸಿಗಾಗಿ ಮಾತ್ರವಲ್ಲ, ಕೆಲಸ ನಡೆಯುತ್ತಿದ್ದುದೇ ಆಗ. ಮೇನ್ ಪ್ರಾಂತ, ನ್ಯೂ ಬ್ರನ್ಸ್‌ವಿಕ್, ಒಟ್ಟಾವಾ ನದಿಯ ಕಣಿವೆ, ವಿಸ್ಕಾನ್ಸಿನ್, ಮಿಶಿಗನ್ ಸೀಮೆಗಳ ಬಿಳಿ ಪೈನ್ ಕಾಡಿನಲ್ಲಿ ಬೇಸಿಗೆಯಲ್ಲಿ ಜೌಗು ನೆಲ ಭಾರ ಹೊರುವುದಿಲ್ಲ. ನೆಲ ಹೆಪ್ಪುಗಟ್ಟಿ ಅದರ ಮೇಲೆ ಹಿಮ ಬಿದ್ದ ಮೇಲೆ, ಆಳೆತ್ತರ ಪೇರಿಸಿದ ದಿಮ್ಮಿಗಳನ್ನೂ ಜಾರುಬಂಡಿಯ ಮೇಲೆ ಹೊಳೆಯ ದಂಡೆಯವರೆಗೆ ಎಳೆಯಬಹುದು. ಶತಮಾನದ ಉತ್ತರಾರ್ಧದಲ್ಲಿ ರಾತ್ರಿಯ ಹೊತ್ತು ನೀರಿನ ತೊಟ್ಟಿಯ ಬಂಡಿಯನ್ನು ಓಡಿಸಿ, ದಾರಿಗೆ ನೀರು ಚಿಮುಕಿಸಿ, ಅದನ್ನು ಗಾಜಿನಂತೆ ಗಡ್ಡೆಗಟ್ಟಿಸುವ ಪದ್ಧತಿಯೂ ಬಂತು. ದಂಡೆಯಲ್ಲಿ ಕೂಡಿಹಾಕಿದ ನಾಟವನ್ನು ವಸಂತದ ಕರಗುನೀರು ಹೊತ್ತೊಯ್ಯುತ್ತಿತ್ತು. 1806ರಲ್ಲಿ ಫಿಲೆಮನ್ ರೈಟ್ ಎಂಬ ವಲಸಿಗ ಒಟ್ಟಾವಾ ನದಿಯಿಂದ ಕ್ವಿಬೆಕ್ಕಿಗೆ ನಾಟದ ಮೊದಲ ತೆಪ್ಪವನ್ನು ತೇಲಿಸಿದ. ನೆಪೋಲಿಯನ್ ಬಾಲ್ಟಿಕ್ ಸಮುದ್ರದ ದಾರಿಯನ್ನು ಮುಚ್ಚಿದ್ದರಿಂದ ಬ್ರಿಟನ್ ತನ್ನ ಹಡಗುಗಳ ಮರಕ್ಕಾಗಿ ಕೆನಡಾದ ಕಡೆ ನೋಡತೊಡಗಿದ ಹೊತ್ತು ಅದು. ಹಡಗಿನಲ್ಲಿ ಒತ್ತಾಗಿ ಜೋಡಿಸಲು ಮರವನ್ನು ಅಗಲ ಕೊಡಲಿಯಿಂದ ಚೌಕತೊಲೆಯಾಗಿ ಕೆತ್ತುತ್ತಿದ್ದರು; ಆ ಕೆತ್ತನೆಯಲ್ಲಿ ಮರದ ಕಾಲುಭಾಗವೋ ಅದಕ್ಕಿಂತ ಹೆಚ್ಚೋ ಚಕ್ಕೆಯಾಗಿ ಕಾಡಿನಲ್ಲೇ ಉಳಿಯುತ್ತಿತ್ತು. ಈ ಚಕ್ಕೆ, ಕೊಂಬೆ, ಸೊಪ್ಪಿನ ರಾಶಿ ಚಿತ್ರಗಳಲ್ಲಿ ವಿರಳವಾಗಿ ಕಾಣುತ್ತದೆ. ಹಿಮ ಅದನ್ನು ಮುಚ್ಚಿರುತ್ತದೆ.

ಮರ ಕಡಿಯುವವರು ತಮ್ಮ ಕೆಲಸವನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದಕ್ಕೆ ಅವರೇ ಬರೆದಿಟ್ಟದ್ದು ಬಹಳ ಕಡಿಮೆ. ಒಟ್ಟಾವಾ ಕಣಿವೆಯ ಬಿಡಾರದಲ್ಲಿ ಹಲವು ಹತ್ತು ಜನ ಒಂದೇ ಸೂರಿನಡಿ ಮಲಗುತ್ತಿದ್ದರು. ನಡುವೆ ಕಾಂಬೂಸ್ ಎಂಬ ತೆರೆದ ಒಲೆ, ಅದರ ನೇರಕ್ಕೆ ಮಾಡಿನಲ್ಲಿ ಹೊಗೆ ಹೋಗುವ ತೂತು, ಸುತ್ತ ಮಲಗುವ ಅಟ್ಟಣೆ. ಊಟಕ್ಕೆ ಉಪ್ಪು ಹಂದಿಮಾಂಸ, ಬೇಯಿಸಿದ ಹುರುಳಿಕಾಯಿ ಬೀಜ, ರೊಟ್ಟಿ, ಚಹಾ. 1840ರ ದಶಕದಿಂದ ಓಬ್ಲೇಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಚಳಿಗಾಲದಲ್ಲಿ ಬಿಡಾರದಿಂದ ಬಿಡಾರಕ್ಕೆ ಹೋಗಿ ಪಾಪನಿವೇದನೆ ಕೇಳಿ ಪೂಜೆ ಸಲ್ಲಿಸುತ್ತಿದ್ದರು. ಅದೇ ಜನರ ನಡುವೆ ಷಾಸ್ ಗ್ಯಾಲರಿ ಎಂಬ ಕಥೆ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಮಾಂಟ್ರಿಯಲ್ಲಿನ ಮೇಯರನೂ ಆಗಿದ್ದ ಓನೊರೆ ಬೋಗ್ರಾಂ 1891ರ ಕೊನೆಯಲ್ಲಿ ಅದನ್ನು ಬರೆದು ಪ್ರಕಟಿಸಿದ. ಹೊಸ ವರ್ಷದ ಹಿಂದಿನ ರಾತ್ರಿ ಮನೆಯ ಹಂಬಲ ತಾಳಲಾರದ ಮರಗೆಲಸದವರು ಸೈತಾನನೊಡನೆ ಒಪ್ಪಂದ ಮಾಡಿಕೊಂಡು ದೋಣಿಯಲ್ಲಿ ಆಕಾಶಮಾರ್ಗವಾಗಿ ಊರಿಗೆ ಹೋಗುತ್ತಾರೆ. ದಾರಿಯಲ್ಲಿ ದೇವರ ಹೆಸರೆತ್ತಬಾರದು, ಇಗರ್ಜಿಯ ಶಿಖರದ ಶಿಲುಬೆಯನ್ನು ಮುಟ್ಟಬಾರದು ಎಂಬುದು ಷರತ್ತು. ಇಲ್ಲಿ ಗಮನಿಸಬೇಕಾದುದೆಂದರೆ ಈ ಕಥೆಯ ಪಾಪಭೀತಿ ಮರದ ಸುತ್ತ ಇಲ್ಲ, ನಾಲಗೆಯ ಸುತ್ತ ಇದೆ. ಬಯ್ಗುಳ, ಕುಡಿತ, ತಪ್ಪಿಹೋದ ಪೂಜೆ ಇವು ಪಾದ್ರಿಯ ಮುಂದೆ ಹೇಳಿಕೊಳ್ಳುವ ಪಾಪಗಳಾಗಿದ್ದವು. ಕಡಿದ ಪೈನ್ ಮರದ ಬಗ್ಗೆ ಹೇಳಿಕೊಳ್ಳಬೇಕಾದದ್ದು ಇದೆಯೆಂದು ಆ ಧರ್ಮವ್ಯವಸ್ಥೆ ಅವರಿಗೆ ಕಲಿಸಿರಲಿಲ್ಲ. ಅದಕ್ಕಾಗಿ ಅವರನ್ನು ದೂರುವುದು ಅನ್ಯಾಯ. ಹೊಳೆಯಲ್ಲಿ ದಿಮ್ಮಿಗಳು ಸಿಕ್ಕಿಕೊಂಡಾಗ ಅವುಗಳ ಮೇಲೆ ನಡೆದು ಬಿಡಿಸುವ ಕೆಲಸದಲ್ಲಿ ಮುಳುಗಿ ಸತ್ತವರು ಅದೇ ದಂಡೆಯಲ್ಲಿ ಮಣ್ಣಾದರು. ಕಾಡಿಗೆ ಕೊಡಲಿ ಇಟ್ಟ ಲಾಭದಲ್ಲಿ ಅವರಿಗೆ ಸಂದದ್ದು ಒಂದು ಚಳಿಗಾಲದ ಕೂಲಿ.

ಲಾಭ ಯಾರಿಗೆ ಸಂದಿತು ಎಂಬುದಕ್ಕೆ ಆ ಕಾಲದ ತತ್ತ್ವಶಾಸ್ತ್ರದಲ್ಲಿ ಸಿದ್ಧ ಉತ್ತರವಿತ್ತು. ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್ 1689ರಲ್ಲಿ ಪ್ರಕಟಿಸಿದ ಸರಕಾರ ಕುರಿತ ಎರಡನೆಯ ಪ್ರಬಂಧದಲ್ಲಿ, ಯಾರಿಗೂ ಸೇರದ ಪ್ರಕೃತಿಯಲ್ಲಿ ಮನುಷ್ಯ ತನ್ನ ದುಡಿಮೆಯನ್ನು ಬೆರೆಸಿದಾಗ ಆ ವಸ್ತು ಅವನ ಸ್ವತ್ತಾಗುತ್ತದೆ ಎಂದು ವಾದಿಸಿದ. ಈ ವಾದದಂತೆ ದಿಮ್ಮಿ ಕೊಡಲಿಯವನದಾಗಬೇಕು. ಆದರೆ ಲಾಕ್ ಅದೇ ಅಧ್ಯಾಯದಲ್ಲಿ, ತನ್ನ ಆಳು ಕೊಯ್ದ ಹುಲ್ಲುಮಣ್ಣಿನ ಹೆಂಟೆಯೂ ತನ್ನದೇ ಎಂದು ಒಂದು ಉದಾಹರಣೆಯಲ್ಲಿ ಹೇಳಿಬಿಡುತ್ತಾನೆ. ಆಳಿನ ದುಡಿಮೆ ಧಣಿಯ ದುಡಿಮೆಯೊಳಗೆ ಸದ್ದಿಲ್ಲದೆ ಸೇರಿಹೋಗುತ್ತದೆ. ಕಾಡಿನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯುತ್ತಿತ್ತು. ಕಡಿದ ಪ್ರತಿ ದಿಮ್ಮಿಯ ತುದಿಗೆ ಅಕ್ಷರವೋ ಆಕೃತಿಯೋ ಇದ್ದ ಉಕ್ಕಿನ ಸುತ್ತಿಗೆಯಿಂದ ಬಡಿದು ಧಣಿಯ ಗುರುತನ್ನು ಒತ್ತುತ್ತಿದ್ದರು. ಹಲವು ಧಣಿಗಳ ದಿಮ್ಮಿಗಳು ಒಂದೇ ಹೊಳೆಯಲ್ಲಿ ಬೆರೆತು ಬಂದರೂ ಕೆಳಗಿನ ಅಣೆಕಟ್ಟೆಯಲ್ಲಿ ಆ ಗುರುತು ನೋಡಿ ಬೇರ್ಪಡಿಸುತ್ತಿದ್ದರು. ದಿಮ್ಮಿಯ ಮೇಲೆ ಒತ್ತುತ್ತಿದ್ದುದು ಧಣಿಯ ಗುರುತು, ಕಡಿದವನದಲ್ಲ. ಜೈನ ಲೆಕ್ಕವನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಿದರೆ ಭೇದ ನಿಚ್ಚಳವಾಗುತ್ತದೆ. ಸ್ವತ್ತಿನ ಲೆಕ್ಕದಲ್ಲಿ ಕೃತವು ಕಾರಿತದೊಳಗೆ ಕರಗುತ್ತದೆ, ಫಲವೆಲ್ಲ ಮಾಡಿಸಿದವನಿಗೆ ಸೇರುತ್ತದೆ. ಕರ್ಮದ ಲೆಕ್ಕದಲ್ಲಿ ಯಾವುದೂ ಯಾವುದರೊಳಗೂ ಕರಗುವುದಿಲ್ಲ, ಮಾಡಿದವನಿಗೂ ಮಾಡಿಸಿದವನಿಗೂ ಒಪ್ಪಿದವನಿಗೂ ಅವರವರ ಕಷಾಯದ ತೀವ್ರತೆಗೆ ತಕ್ಕ ಪಾಲು ಬೇರೆ ಬೇರೆಯಾಗಿ ಬರುತ್ತದೆ.

ಬೈಬಲ್ ಕಾಡಿನ ಕಡಿತಕ್ಕೆ ಅನುಮತಿ ಕೊಟ್ಟಿದೆ ಎಂಬ ನಂಬಿಕೆ ವಲಸಿಗರಲ್ಲಿ ಆಳವಾಗಿತ್ತು. ಭೂಮಿಯನ್ನು ತುಂಬಿ ವಶಮಾಡಿಕೊಳ್ಳುವಂತೆ ಮನುಷ್ಯನಿಗೆ ಆಜ್ಞಾಪಿಸುವ ಆದಿಕಾಂಡದ ಮೊದಲ ಅಧ್ಯಾಯವನ್ನು ಅವರು ಅದಕ್ಕೆ ಆಧಾರವಾಗಿ ಎತ್ತಿಕೊಳ್ಳುತ್ತಿದ್ದರು. ಅದೇ ಗ್ರಂಥದ ಬೇರೆ ದನಿಗಳು ಅಷ್ಟಾಗಿ ಕೇಳಿಸಲಿಲ್ಲ. ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯ ಶತ್ರುನಗರಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಗಳನ್ನು ಕಡಿಯಬಾರದೆಂದು ವಿಧಿಸುತ್ತದೆ, ಮತ್ತು ಹೊಲದ ಮರವೇನು ಮನುಷ್ಯನೇ ಎಂಬರ್ಥದ ಮಾತೊಂದನ್ನು ಅಲ್ಲಿ ಸೇರಿಸುತ್ತದೆ. ಯೆಹೂದಿ ಆಚಾರ್ಯರು ಈ ವಿಧಿಯನ್ನು ವಿಸ್ತರಿಸಿ, ಬಳಕೆಗೆ ಬರುವ ಏನನ್ನೂ ವ್ಯರ್ಥವಾಗಿ ನಾಶಮಾಡಬಾರದೆಂಬ ಸಾಮಾನ್ಯ ನಿಯಮವನ್ನೇ ಕಟ್ಟಿದರು. ಕಾಲುಭಾಗ ಮರವನ್ನು ಚಕ್ಕೆಯಾಗಿ ಬಿಟ್ಟುಬರುವ ಚೌಕತೊಲೆಯ ವ್ಯಾಪಾರಕ್ಕೆ ಅದನ್ನು ಅನ್ವಯಿಸಿದ್ದರೆ ಬಹಳ ದೂರ ಹೋಗಬೇಕಾಗುತ್ತಿತ್ತು. ಯೆಶಾಯನ ಗ್ರಂಥದ ಹದಿನಾಲ್ಕನೆಯ ಅಧ್ಯಾಯವಂತೂ ಬಾಬಿಲೋನಿನ ಅರಸ ಬಿದ್ದುಹೋದಾಗ ಲೆಬನೋನಿನ ಮರಗಳೇ ಸಂತೋಷದಿಂದ ಮಾತನಾಡಿದಂತೆ ಚಿತ್ರಿಸುತ್ತದೆ, ಏಕೆಂದರೆ ಅಂದಿನಿಂದ ಅವುಗಳನ್ನು ಕಡಿಯಲು ಯಾರೂ ಬೆಟ್ಟ ಹತ್ತಿಬರಲಿಲ್ಲ. ಕಡಿಯಿಸಿಕೊಳ್ಳುವವರ ಕಡೆಯಿಂದ ಇತಿಹಾಸವನ್ನು ನೋಡುವ ಈ ಚಣವನ್ನು ಪ್ರವಾದಿಯ ರೂಪಕವೆಂದು ಬದಿಗಿಡುವುದು ಸುಲಭ. ಹಾಗೆ ಇಡದೆ ಓದಿದವರು ಆ ನಾಡಿನಲ್ಲಿ ಕೆಲವರಾದರೂ ಇದ್ದರು.

ಅವರಲ್ಲಿ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ಮುಖ್ಯ. ಮೇನ್ ಕಾಡಿಗೆ 1846, 1853, 1857ರಲ್ಲಿ ಹೋಗಿಬಂದ ಅವನು ಜಾನ್ ಸ್ಪ್ರಿಂಗರ್ ಎಂಬವನು ಮರಗೆಲಸದವರ ಚಳಿಗಾಲದ ಬಿಡಾರದ ಬಾಳನ್ನು ಕುರಿತು 1851ರಲ್ಲಿ ಹೊರತಂದ ಸಚಿತ್ರ ಗ್ರಂಥವನ್ನು ಓದಿಕೊಂಡಿದ್ದ. ಎರಡನೆಯ ಪ್ರವಾಸದ ಕಥನ ಚೆಸನ್‌ಕುಕ್ ಎಂಬ ಹೆಸರಿನಲ್ಲಿ 1858ರಲ್ಲಿ ಬೋಸ್ಟನ್ನಿನ ಅಟ್ಲಾಂಟಿಕ್ ಮಾಸಿಕದಲ್ಲಿ ಕಂತುಗಳಾಗಿ ಬಂದಾಗ, ಪೈನ್ ಮರ ತನ್ನಷ್ಟೇ ಅಮರವೆಂದೂ ತಾನು ಸೇರುವಷ್ಟೇ ಎತ್ತರದ ಸ್ವರ್ಗವನ್ನು ಅದೂ ಸೇರಬಹುದೆಂದೂ ಹೇಳುವ ಒಂದು ವಾಕ್ಯವನ್ನು ಸಂಪಾದಕ ಜೇಮ್ಸ್ ರಸೆಲ್ ಲೋವೆಲ್ ಲೇಖಕನನ್ನು ಕೇಳದೆ ತೆಗೆದುಹಾಕಿದ. ಆ ವರ್ಷದ ಜೂನ್ ತಿಂಗಳಲ್ಲಿ ಥೋರೋ ಅವನಿಗೆ ಬರೆದ ಪತ್ರ ತೀಕ್ಷ್ಣವಾಗಿದೆ. ವಾಕ್ಯ ಮರಳಿ ಅಚ್ಚಾದದ್ದು ಥೋರೋ 1862ರಲ್ಲಿ ತೀರಿಕೊಂಡ ಮೇಲೆ, 1864ರಲ್ಲಿ ದಿ ಮೇನ್ ವುಡ್ಸ್ ಪುಸ್ತಕವಾಗಿ ಹೊರಬಂದಾಗ. ದಿಮ್ಮಿಯ ಬೆಲೆಯನ್ನೂ ಕಡಿತದ ಕ್ರೌರ್ಯವನ್ನೂ ಹೇಳುವ ಪುಟಗಳು ಪತ್ರಿಕೆಗೆ ಸಮ್ಮತವಾಗಿದ್ದವು. ಮರಕ್ಕೆ ಪರಲೋಕದಲ್ಲಿ ಜಾಗವಿರಬಹುದೆಂಬ ಒಂದು ಸಾಲು ಮಾತ್ರ ಸಹಿಸಲಾಗದ್ದಾಯಿತು. ಅದು ಉಳಿದರೆ ಕಡಿಯುವ ಕೆಲಸದ ಅರ್ಥವೇ ಬದಲಾಗುತ್ತದೆ, ವ್ಯಾಪಾರವಾಗಿದ್ದದ್ದು ವಧೆಯ ಪ್ರಶ್ನೆಯಾಗುತ್ತದೆ ಎಂಬುದು ಲೋವೆಲ್ಲನಿಗೆ ತಿಳಿದಿದ್ದಿರಬೇಕು.

ಥೋರೋನ ನಿಲುವನ್ನು ಹಾಗೆಯೇ ಒಪ್ಪಿಕೊಳ್ಳುವಂತೆಯೂ ಇಲ್ಲ. ಮರವನ್ನು ನಿಜವಾಗಿ ಬಲ್ಲವನು ಕಡಿಯುವವನಲ್ಲ, ಕವಿ ಎಂಬುದು ಚೆಸನ್‌ಕುಕ್ ಕಥನದ ವಾದ. ಅದೇ ಥೋರೋ 1845ರ ಮಾರ್ಚ್ ತಿಂಗಳಲ್ಲಿ ಎರವಲು ಕೊಡಲಿ ತಂದು ವಾಲ್ಡನ್ ಕೊಳದ ಬಳಿಯ ಎಳೆಯ ಬಿಳಿ ಪೈನ್‌ಗಳನ್ನು ಕಡಿದು ಗುಡಿಸಲು ಕಟ್ಟಿಕೊಂಡಿದ್ದ, ಮತ್ತು ಕಡಿಯುತ್ತ ಕಡಿಯುತ್ತ ಆ ಮರದ ಪರಿಚಯ ಹೆಚ್ಚಾಗಿ ಅದರ ಗೆಳೆಯನೇ ಆದೆನೆಂದು ತಾನೇ ಬರೆದಿದ್ದಾನೆ. ಅವನ ಮನೆತನದ ಕಸುಬು ಪೆನ್ಸಿಲ್ ತಯಾರಿಕೆ, ಅದಕ್ಕೆ ಬೇಕಾದದ್ದು ದೇವದಾರು ಜಾತಿಯ ಮರ. 1844ರಲ್ಲಿ ಅವನ ಅಡುಗೆಬೆಂಕಿ ಕೈಮೀರಿ ಅವನದೇ ಊರಾದ ಕಾನ್‌ಕರ್ಡಿನ ಸುಮಾರು 300 ಎಕರೆ ಕಾಡು ಸುಟ್ಟಿತ್ತು. ಇವನ್ನು ಇಲ್ಲಿ ಹೇಳುವುದು ಅವನನ್ನು ಸಣ್ಣದಾಗಿಸಲಿಕ್ಕಲ್ಲ. ವಾಲ್ಡನ್‌ನಲ್ಲಿ ಅವನು ಕಂಡ ಸತ್ಯ ಮೇನ್ ಕಾಡಿನಲ್ಲಿ ಅವನಿಂದ ಜಾರಿತು: ಕೊಡಲಿ ಹಿಡಿದ ಕೈಗೂ ಮರದ ಪರಿಚಯ ಆಗುತ್ತದೆ, ಹಲವೊಮ್ಮೆ ಕವಿಗಿಂತ ಹೆಚ್ಚು ಆಗುತ್ತದೆ. ವಾಲ್ಡನ್ ಕೊಳದಲ್ಲೇ ಚಳಿಗಾಲದಲ್ಲಿ ಮಂಜುಗಡ್ಡೆ ಕೊಯ್ದವರನ್ನು ಕಂಡು, ಆ ನೀರು ಕೊನೆಗೆ ಗಂಗೆಯ ನೀರಿನೊಡನೆ ಸೇರುವುದನ್ನು ಅವನು ಧ್ಯಾನಿಸಿದ್ದ. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಿಂದ ಕಲ್ಕತ್ತೆಗೂ ಮುಂದೆ ಮದರಾಸಿಗೂ ಕಳುಹಿಸುತ್ತಿದ್ದ ಆ ಗಡ್ಡೆ ಕರಗದಂತೆ ಸುತ್ತ ತುಂಬುತ್ತಿದ್ದುದು ನ್ಯೂ ಇಂಗ್ಲೆಂಡಿನ ಗರಗಸದ ಮಿಲ್ಲುಗಳ ಪೈನ್ ಹೊಟ್ಟನ್ನು. ಮದರಾಸಿನ ಬಿಸಿಲಲ್ಲಿ ತಣ್ಣನೆಯ ನೀರು ಕುಡಿದವರೂ ಆ ಕಾಡಿನ ಕಡಿತದಿಂದ ಪೂರ್ತಿ ಹೊರಗೆ ಇರಲಿಲ್ಲ.

ದಿ ಮೇನ್ ವುಡ್ಸ್ ಪ್ರಕಟಿಸಿದ ಟಿಕ್ನರ್ ಅಂಡ್ ಫೀಲ್ಡ್ಸ್ ಸಂಸ್ಥೆಯೇ 1866ರಲ್ಲಿ ಎವ್ರಿ ಸ್ಯಾಟರ್ಡೇ ಎಂಬ ವಾರಪತ್ರಿಕೆಯನ್ನೂ ಆರಂಭಿಸಿತ್ತು. ಅದರ 1871ರ ಜನವರಿ 28ರ ಸಂಚಿಕೆಯಲ್ಲಿ ವಿನ್ಸ್ಲೋ ಹೋಮರ್ ಬರೆದ, ಚಳಿಗಾಲದ ಮರಗೆಲಸ ಎಂಬರ್ಥದ ತಲೆಬರಹದ ಚಿತ್ರ ಬಂತು. ಹೋಮರ್ ಆಗಿನ್ನೂ ಪತ್ರಿಕೆಗಳಿಗೆ ಚಿತ್ರ ಬರೆದು ಬಾಳುತ್ತಿದ್ದ. ಮುಂದೆ ಅಮೆರಿಕದ ಅತಿ ದೊಡ್ಡ ಚಿತ್ರಕಾರರಲ್ಲಿ ಒಬ್ಬನೆನಿಸಿದ. ಕೊಡಲಿಯವನ ಮೈಯ ಭಾರ, ಕಾಲಿನ ನಿಲುವು, ಬೀಸಿನ ಬಿಗಿ ಇವನ್ನು ಗೌರವದಿಂದ ಕಂಡವರಲ್ಲಿ ಅವನಿಗೆ ಸಮನಾದವರು ಕಡಿಮೆ. ಇಂಥ ಚಿತ್ರಗಳು ಸಾಮಾನ್ಯವಾಗಿ ಹಿಡಿಯುವ ಗಳಿಗೆ ತತ್ತ್ವಾರ್ಥಸೂತ್ರದ ಪರಿಭಾಷೆಯಲ್ಲಿ ಆರಂಭದ್ದು. ಕೃತ್ಯಕ್ಕೆ ತೊಡಗಿಯಾಗಿದೆ, ಮುಗಿದಿಲ್ಲ. ಮರ ಇನ್ನೂ ನಿಂತಿದೆ. ಲಂಡನ್ನಿನ ಹಡಗುಕಟ್ಟೆಯಲ್ಲಿ, ಶಿಕಾಗೋದ ನಾಟದ ಮಂಡಿಯಲ್ಲಿ, ಬ್ಯಾಂಕಿನ ಸಾಲಪತ್ರದಲ್ಲಿ ನಡೆದ ಸಂರಂಭ ಮತ್ತು ಸಮಾರಂಭಗಳಿಗೆ ಚಿತ್ರವಿಲ್ಲ, ಏಕೆಂದರೆ ಅವು ನೋಡಲು ಸೊಗಸಾಗಿಲ್ಲ. ಹೀಗೆ ಇಡೀ ಕೃತ್ಯದ ಮುಖವಾಗಿ ಕೂಲಿಯಾಳಿನ ಮುಖವೊಂದೇ ಉಳಿಯುತ್ತದೆ. ಅವನ ಶಕ್ತಿಯನ್ನು ಹೊಗಳಿದ ಚಿತ್ರವೇ ಹೊಣೆಯನ್ನು ಅವನ ಹೆಗಲಿಗೆ ಹೊರಿಸುತ್ತದೆ, ಮತ್ತು ನೋಡುಗನಿಗೆ ಮೆಚ್ಚುವ ಸುಖವನ್ನಷ್ಟೇ ಬಿಟ್ಟುಕೊಡುತ್ತದೆ.

ಅದೇ 1871ರ ಅಕ್ಟೋಬರ್ 8ರ ರಾತ್ರಿ ವಿಸ್ಕಾನ್ಸಿನ್‌ನ ಪೆಶ್ಟಿಗೋ ಎಂಬ ಊರು ಕೆಲವೇ ಗಂಟೆಗಳಲ್ಲಿ ಸುಟ್ಟುಹೋಯಿತು. ಊರೇ ಮರದ ಉದ್ಯಮದ್ದು, ಮನೆ, ಕಾಲುದಾರಿ, ಕಾರ್ಖಾನೆ ಬಹುಪಾಲು ಮರದವು. ಆ ಬೇಸಿಗೆಯಲ್ಲಿ ಮಳೆ ಬಹಳ ಕಡಿಮೆಯಿತ್ತು. ಹಲವು ಚಳಿಗಾಲಗಳ ಕಡಿತದಲ್ಲಿ ಬಿಟ್ಟುಬಂದ ಕೊಂಬೆರೆಂಬೆಗಳ ರಾಶಿ ಸುತ್ತಲ ಕಾಡಿನಲ್ಲಿ ಒಣಗಿ ಬಿದ್ದಿತ್ತು, ನೆಲ ಬಿಡಿಸುವವರೂ ರೈಲುದಾರಿ ಹಾಕುವವರೂ ಹಚ್ಚಿದ ಸಣ್ಣ ಬೆಂಕಿಗಳು ವಾರಗಟ್ಟಲೆ ಹೊಗೆಯಾಡುತ್ತಿದ್ದವು, ಬಿರುಗಾಳಿ ಎದ್ದಾಗ ಅವೆಲ್ಲ ಒಂದಾದವು. ಸತ್ತವರ ಅಂದಾಜು 1,200ರಿಂದ 2,500ರವರೆಗೆ ಇದೆ. ಸುಟ್ಟ ನೆಲ ಹತ್ತು ಲಕ್ಷ ಎಕರೆ ಮೀರುತ್ತದೆ. ಅದೇ ರಾತ್ರಿ ಶಿಕಾಗೋ ನಗರ ಉರಿದದ್ದರಿಂದ ಜಗತ್ತಿನ ಗಮನ ಅತ್ತ ಹೋಯಿತು. ಹಿಮದ ಕೆಳಗೆ ಮುಚ್ಚಿಹೋಗಿ ಚಿತ್ರಗಳಲ್ಲಿ ಕಾಣಿಸದೆ ಹೋಗಿದ್ದ ಚಕ್ಕೆ, ಕೊಂಬೆಗಳು ತಾವಿದ್ದುದನ್ನು ಹೀಗೆ ತಿಳಿಸಿದವು. ಜನ ಪೆಶ್ಟಿಗೋ ಹೊಳೆಗೆ ಇಳಿದು ಜೀವ ಉಳಿಸಿಕೊಳ್ಳಲು ಹೆಣಗುವ ಮರಕೆತ್ತನೆ ಚಿತ್ರವೊಂದು ಆ ವರ್ಷದ ಕೊನೆಯಲ್ಲಿ ಹಾರ್ಪರ್ಸ್ ವೀಕ್ಲಿಯಲ್ಲಿ ಬಂತು.

ಹಾಗೆ ಹೊಳೆಯಲ್ಲಿ ರಾತ್ರಿ ಕಳೆದವರಲ್ಲಿ ಆ ಊರಿನ ಕ್ಯಾಥೊಲಿಕ್ ಪಾದ್ರಿ ಪೀಟರ್ ಪರ್ನಿನ್ ಒಬ್ಬ. ಪವಿತ್ರ ರೊಟ್ಟಿಯನ್ನಿಡುವ ಮರದ ಪೆಟ್ಟಿಗೆಯನ್ನು ಬಂಡಿಯಲ್ಲಿ ಹೊಳೆಗೆ ತಂದು ಬಿಟ್ಟಿದ್ದ ಅವನಿಗೆ ಅದು ಕೆಲ ದಿನಗಳ ಮೇಲೆ ಸುಡದೆ, ಕೆಡದೆ ಸಿಕ್ಕಿತು. 1874ರಲ್ಲಿ ಮಾಂಟ್ರಿಯಲ್ಲಿನಲ್ಲಿ ಅವನು ಹೊರತಂದ ಅನುಭವಕಥನದ ತಲೆಬರಹ ಅಲ್ಲಿ ಕಂಡದ್ದು ದೇವರ ಬೆರಳು ಎಂದು ಸಾರುತ್ತದೆ. ಆ ಪದ ವಿಮೋಚನಕಾಂಡದಲ್ಲಿ ಐಗುಪ್ತದ ಮಂತ್ರವಾದಿಗಳ ಬಾಯಿಂದ ಬಂದದ್ದು. ಪರ್ನಿನ್‌ನ ಕಥನ ಪ್ರಾಮಾಣಿಕವಾದದ್ದು, ಅವನ ಧೈರ್ಯ ದೊಡ್ಡದು, ಕಾಡಿನ ಒಣಗುವಿಕೆಯನ್ನೂ ಮೊದಲಿನ ಸಣ್ಣ ಬೆಂಕಿಗಳನ್ನೂ ಅವನೇ ವಿವರವಾಗಿ ದಾಖಲಿಸಿದ್ದಾನೆ. ಆದರೂ ದೇವರ ಬೆರಳು ಎಂಬ ವಿವರಣೆ ಮನುಷ್ಯರ ಕೈಗಳನ್ನು ಒಂದೇ ಸಲಕ್ಕೆ ಲೆಕ್ಕದಿಂದ ಬಿಡಿಸಿಬಿಡುತ್ತದೆ. ಉಳಿದ ಪೆಟ್ಟಿಗೆಯಲ್ಲಿ ದೇವರ ಇಚ್ಛೆಯನ್ನು ಓದುವವನು ಉಳಿಯದ ಮಕ್ಕಳ ವಿಷಯದಲ್ಲಿ ಏನು ಓದಬೇಕು ಎಂಬ ಪ್ರಶ್ನೆಗೆ ಆ ಪುಸ್ತಕ ನಿಲ್ಲುವ ಉತ್ತರ ಕೊಡಲಾರದು. ಕರ್ಮಸಿದ್ಧಾಂತಕ್ಕೂ ಇಲ್ಲಿ ಒಂದು ಅಪಾಯ ಇದ್ದೇ ಇದೆ: ಸತ್ತವರ ಮೇಲೆಯೇ ಅವರ ಸಾವಿನ ಹೊಣೆ ಹೊರಿಸುವ ಕ್ರೂರ ಸರಳೀಕರಣಕ್ಕೆ ಅದು ಬಳಕೆಯಾಗಬಹುದು. ಕೃತ, ಕಾರಿತ, ಅನುಮತಗಳ ವಿಂಗಡಣೆಗೆ ಬೆಲೆ ಬರುವುದು ಅದು ಸತ್ತವರನ್ನು ಬಿಟ್ಟು ಕಡಿತದ ಜಾಲದಲ್ಲಿದ್ದ ಬದುಕಿರುವ ಪಾಲುದಾರರ ಕಡೆ ತಿರುಗಿದಾಗ ಮಾತ್ರ.

ಈ ಪಾಲುದಾರರಲ್ಲಿ ಮೂರನೆಯವನಾದ ನೋಡುಗನ ವಿಷಯಕ್ಕೆ ಕೊನೆಗೆ ಬರಬೇಕು. ಅನುಮತಿ ಎಂಬುದು ಮನಸ್ಸಿನ ಕೃತ್ಯವಾದ್ದರಿಂದ ಚಿತ್ರ ಕಂಡವರೆಲ್ಲ ತಾನಾಗಿಯೇ ಪಾಲುದಾರರಾಗುವುದಿಲ್ಲ. ಯಾವುದನ್ನು ಮೆಚ್ಚಿದರು ಎಂಬುದು ಮುಖ್ಯ. ದುಡಿಯುವವನ ಕೌಶಲವನ್ನು ಮೆಚ್ಚುವುದಕ್ಕೂ ಕಡಿತವನ್ನು ಮೆಚ್ಚುವುದಕ್ಕೂ ಭೇದವಿದೆ, ಆದರೆ ವಾರಪತ್ರಿಕೆಯ ಪುಟ ಎರಡನ್ನೂ ಒಂದೇ ಸೊಗಸಿನಲ್ಲಿ ಕಟ್ಟಿಕೊಟ್ಟಾಗ ಬೇರ್ಪಡಿಸುವ ಕಷ್ಟವನ್ನು ಎಲ್ಲರೂ ಪಡುವುದಿಲ್ಲ. ಪಡುವಂತೆ ಮಾಡಿದ ಚಿತ್ರಗಳೂ ಅದೇ ಮಾಧ್ಯಮದಿಂದ ಬಂದವು. 1864ರಲ್ಲಿ ಅಮೆರಿಕದ ವಿದ್ವಾಂಸ ಜಾರ್ಜ್ ಪರ್ಕಿನ್ಸ್ ಮಾರ್ಷ್ ತನ್ನ ಮ್ಯಾನ್ ಅಂಡ್ ನೇಚರ್ ಗ್ರಂಥದಲ್ಲಿ ಕಾಡು ಹೋದಲ್ಲಿ ಮಣ್ಣೂ ನೀರೂ ಹೋಗುತ್ತವೆ ಎಂದು ತೋರಿಸಿದ್ದ. ಇಪ್ಪತ್ತು ವರ್ಷಗಳ ಮೇಲೆ, 1880ರ ದಶಕದ ನಡುವೆ, ಹಾರ್ಪರ್ಸ್ ವೀಕ್ಲಿ ನ್ಯೂಯಾರ್ಕ್ ಪ್ರಾಂತದ ಅಡಿರಾಂಡಾಕ್ ಬೆಟ್ಟಗಳಲ್ಲಿ ಕಾಡು ಹಾಳಾದ ನೆಲದ ಚಿತ್ರಗಳನ್ನು ಪ್ರಕಟಿಸಿತು. ವೀರ ಕೊಡಲಿಯಾಳಿನ ಬದಲು ಪುಟದಲ್ಲಿ ಕಾಣಿಸಿಕೊಂಡದ್ದು ಬೋಳು ನೆಲ. 1885ರಲ್ಲಿ ಆ ಪ್ರಾಂತ ಕಾನೂನು ಮಾಡಿ ಅಲ್ಲಿ ಮೀಸಲು ಅರಣ್ಯವನ್ನು ಸ್ಥಾಪಿಸಿತು. 1894ರಲ್ಲಿ ಆ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕೆಂಬ ವಿಧಿ ಅದರ ಸಂವಿಧಾನವನ್ನೇ ಸೇರಿತು. ಕೆಳಗಿನ ಕಾಲುವೆಗಳಿಗೆ ನೀರು ಬತ್ತೀತೆಂಬ ವ್ಯಾಪಾರಿಗಳ ಹೆದರಿಕೆಯೂ ಇದರ ಹಿಂದೆ ಇತ್ತು. ಆದರೆ ಅನುಮತಿಯನ್ನು ಹಿಂತೆಗೆದುಕೊಳ್ಳಲು ನೋಡುಗರಿಗೆ ಸಾಧ್ಯ ಎಂಬುದನ್ನು ಆ ಚಿತ್ರಗಳು ತೋರಿಸಿದವು.

ಹಿಂತೆಗೆತ ಒಂದೇ ದಾರಿಯಲ್ಲ ಎಂಬುದಕ್ಕೂ ಅದೇ ಕಾಲದ ಒಂದು ನಿದರ್ಶನವಿದೆ. ಜೈನ ಶಾಸ್ತ್ರ ಗೃಹಸ್ಥನ ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆಗೆ ಸ್ವಲ್ಪ ಸಡಿಲಿಕೆ ಕೊಡುತ್ತದೆ. ಆದರೆ ಹೇಮಚಂದ್ರಾಚಾರ್ಯನ ಹನ್ನೆರಡನೆಯ ಶತಮಾನದ ಯೋಗಶಾಸ್ತ್ರ ಗೃಹಸ್ಥನಿಗೆ ನಿಷಿದ್ಧವಾದ ಹದಿನೈದು ಕಸುಬುಗಳಲ್ಲಿ ಕಾಡು ಕಡಿದು ಜೀವಿಸುವ ವನಕರ್ಮವನ್ನೂ ಸೇರಿಸುತ್ತದೆ. ಪೆಶ್ಟಿಗೋಗೆ ಪಶ್ಚಿಮಕ್ಕೆ, ವುಲ್ಫ್ ನದಿಯ ದಂಡೆಯಲ್ಲಿ, ಅಮೆರಿಕ ಸರಕಾರದೊಡನೆ ಆದ 1854ರ ಒಪ್ಪಂದದಂತೆ ತಮಗುಳಿದ ನೆಲದಲ್ಲಿ ನೆಲೆನಿಂತ ಮೂಲನಿವಾಸಿಗಳಾದ ಮೆನಾಮಿನಿ ಜನ ಆ ವನಕರ್ಮದಿಂದಲೇ ಬಾಳಿದರು. ಮರ ಕಡಿದು ಮಾರಿದರು, ಗರಗಸದ ಮಿಲ್ಲು ನಡೆಸಿದರು, ಆದರೆ ಬಹುಮಟ್ಟಿಗೆ ಕಾಡಿನ ಬೆಳವಣಿಗೆಗೆ ಮೀರಿ ಕಡಿಯಲಿಲ್ಲ. ಅವರ ಸುತ್ತಲಿನ ಸೀಮೆ ಬೋಳಾದ ಮೇಲೂ ಅವರ ಕಾಡು ನಿಂತಿತು, ಮತ್ತು ಒಂದೂವರೆ ಶತಮಾನದ ಕಡಿತದ ನಂತರವೂ ಅಲ್ಲಿ ನಿಂತ ಮರದ ಪ್ರಮಾಣ 1854ರಲ್ಲಿದ್ದದ್ದಕ್ಕಿಂತ ಕಡಿಮೆಯಾಗಿಲ್ಲ. ಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಅಲ್ಲಿ ಬಿದ್ದ ಒಂದೊಂದು ಮರವೂ ಹಿಂಸೆಯೇ, ಅದಕ್ಕೆ ವಿನಾಯಿತಿ ಇಲ್ಲ. ಆದರೆ ಅಲ್ಲಿ ಕಡಿದವರು, ಕಡಿಸಿದವರು, ಒಪ್ಪಿದವರು ಬೇರೆ ಬೇರೆ ಊರುಗಳಲ್ಲಿ ಇರಲಿಲ್ಲ. ಒಂದೇ ಜನ ಮೂರೂ ಆಗಿ, ಬುಡ ಉಳಿದ ನೆಲದ ಪಕ್ಕದಲ್ಲೇ ತಮ್ಮ ಮಕ್ಕಳನ್ನು ಬೆಳೆಸಿದರು. 1954ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬುಡಕಟ್ಟಾಗಿ ಅವರಿಗಿದ್ದ ಪ್ರತ್ಯೇಕ ಮಾನ್ಯತೆಯನ್ನು ಕೊನೆಗೊಳಿಸುವ ಕಾನೂನು ಮಾಡಿ, 1961ರಲ್ಲಿ ಅದನ್ನು ಜಾರಿಗೆ ತಂದಾಗ ಈ ಏಕತೆ ಮುರಿಯುವ ಹಂತಕ್ಕೆ ಬಂದು, ನೆಲದ ತುಂಡುಗಳು ಹೊರಗಿನವರಿಗೆ ಮಾರಾಟವಾಗತೊಡಗಿದವು. ಮೆನಾಮಿನಿಗಳು ಹೋರಾಡಿ 1973ರಲ್ಲಿ ತಮ್ಮ ಮಾನ್ಯತೆಯನ್ನು ಮರಳಿ ಪಡೆದರು.